ಮಿನಿ ಟ್ರ್ಯಾಕ್ಟರ್ ಹೈಡ್ರಾಲಿಕ್‌ಗೆ ಸೌದೆ ಒಡೆಯುವ ಮಿಷನ್: ಯಾವ ಸಿಲಿಂಡರ್, ಆಯಿಲ್ ಎಲ್ಲಿಂದ ತಗೊಳ್ಳೋದು?

ತೋಟದಂಚು, ತೀರ್ಥಹಳ್ಳಿ

24 ಎಚ್‌ಪಿ ಮಿನಿ ಟ್ರ್ಯಾಕ್ಟರ್‌ನ ಹಿಂದೆ ತ್ರೀ ಪಾಯಿಂಟ್‌ಗೆ ಸಿಕ್ಕಿಸುವಂಥ ಸೌದೆ ಒಡೆಯುವ ಮಿಷನ್ ಮಾಡಿಸಬೇಕು ಅಂತ ಇದೆ. ಅಡಿಕೆ ಬೇಯಿಸುವ ಒಲೆಗೂ ಬಚ್ಚಲ ಒಲೆಗೂ ಬೇಕಾದ ಸೌದೆ ಇದರಲ್ಲೇ ಆಗಬೇಕು. ಮುಕ್ಕಾಲು ಪಾಲು ಅಕೇಶಿಯಾ, ಉಳಿದದ್ದು ಗಾಳಿಮಳೆಗೆ ಬಿದ್ದ ಮತ್ತಿ, ಹಲಸು, ಸ್ವಲ್ಪ ಸಿಲ್ವರ್ ಓಕ್. ತುಂಡು ಒಂದೂವರೆ ಅಡಿ ಉದ್ದ, ದಪ್ಪ 8ರಿಂದ 14 ಇಂಚು.

ಟ್ರ್ಯಾಕ್ಟರ್ ಪುಸ್ತಕದಲ್ಲಿ ಇರೋದು ಇಷ್ಟು: ಹೈಡ್ರಾಲಿಕ್ ಪಂಪ್ ನಿಮಿಷಕ್ಕೆ 18 ಲೀಟರ್, ರಿಲೀಫ್ (ಒತ್ತಡಕ್ಕೆ ಮಿತಿ ಹಾಕುವ ವಾಲ್ವ್) 150 ಬಾರ್, ಎಂಜಿನ್ ರೇಟೆಡ್ ಆರ್‌ಪಿಎಂ 2600. ಗೇರ್‌ಬಾಕ್ಸಿಗೂ ಹೈಡ್ರಾಲಿಕ್‌ಗೂ ಒಂದೇ ಆಯಿಲ್, 20 ಲೀಟರ್. ಡಬಲ್ ಆಕ್ಟಿಂಗ್ ಡಿಸಿವಿ (ಸಿಲಿಂಡರ್‌ನ ಎರಡೂ ಬದಿಗೆ ಆಯಿಲ್ ಕಳಿಸುವ ಕಂಟ್ರೋಲ್ ವಾಲ್ವ್) ಇಲ್ಲ. ಟಿಪ್ಪಿಂಗ್ ಟ್ರೈಲರ್‌ಗೆ ಕೊಡುವ ಒಂದೇ ಔಟ್‌ಲೆಟ್ ಇದೆ.

ವೆಲ್ಡಿಂಗ್ ಶಾಪ್‌ನವರ ಹತ್ರ ಹಳೇ ಅರ್ತ್ ಮೂವರ್‌ನಿಂದ ಬಿಚ್ಚಿದ ಸಿಲಿಂಡರ್ ಒಂದಿದೆ. ಬೋರ್ (ಒಳವ್ಯಾಸ) 125 ಎಂಎಂ, ರಾಡ್ 70, ಸ್ಟ್ರೋಕ್ (ರಾಡ್ ಓಡಾಡುವ ದೂರ) 750. ಇದನ್ನೇ ಹಾಕಿ, ಎಂಥಾ ಗಂಟಾದ್ರೂ ಸೀಳುತ್ತೆ ಅಂತಾರೆ. ಬೀಮಿಗೆ ಐಎಸ್‌ಎಂಬಿ 150 (150 ಎಂಎಂ ಎತ್ತರದ ಐ ಆಕಾರದ ಕಬ್ಬಿಣದ ತೊಲೆ) ಸಾಕಂತೆ.

ಈ ಸಿಲಿಂಡರ್ ಸರಿಹೋಗುತ್ತಾ? ಟಿಪ್ಪಿಂಗ್ ಔಟ್‌ಲೆಟ್‌ನಿಂದ ಓಡಿಸಬಹುದಾ, ಇಲ್ಲ ಪಿಟಿಒಗೆ (ಟ್ರ್ಯಾಕ್ಟರ್ ಹಿಂದೆ ತಿರುಗುವ ಶಾಫ್ಟ್‌ಗೆ) ಬೇರೆ ಪಂಪೇ ಹಾಕಬೇಕಾ? ಬಲ್ಲವರು ತಿಳಿಸಿ.

ಸ್ಪ್ಯಾನರ್‌ಪೆಟ್ಟಿಗೆ, ಸಾಗರ

ಆ 125ರ ಸಿಲಿಂಡರ್ ಗುಜರಿಗೇ ಇರಲಿ, ಬಿಟ್ಟುಬಿಡಿ. ಎಲ್ಲರೂ ಟನ್ ನೋಡ್ತಾರೆ. ಮಿನಿ ಟ್ರ್ಯಾಕ್ಟರ್‌ನಲ್ಲಿ ಮೊದಲು ನೋಡಬೇಕಾದ್ದು ಲೀಟರ್.

ನಿಮ್ಮ ಸಿಲಿಂಡರ್ ಪೂರ್ತಿ ಹೊರಗೆ ಬರಬೇಕಾದ್ರೆ ಹಿಂಬದಿಗೆ 9.2 ಲೀಟರ್ ಆಯಿಲ್ ಹೋಗಬೇಕು. ವಾಪಸ್ ಬರೋಕೆ ರಾಡ್ ಬದಿಗೆ 6.3 ಲೀಟರ್. ಪುಸ್ತಕದ 18 ಲೀಟರ್ ಸಿಗೋದು ಎಂಜಿನ್ 2600 ತಿರುಗಿದಾಗ ಮಾತ್ರ. ಸೌದೆ ಒಡೆಯೋಕೆ ಯಾರೂ ಅಷ್ಟು ರೇಸ್ ಇಟ್ಟು ನಿಲ್ಲೋದಿಲ್ಲ, 1800ರ ಆಸುಪಾಸಿನಲ್ಲಿ ಇಡ್ತಾರೆ. ಆಗ ಸಿಗೋದು ಹನ್ನೆರಡೂವರೆ ಲೀಟರ್. ಅಂದ್ರೆ ಮುಂದೆ ಹೋಗೋಕೆ 44 ಸೆಕೆಂಡ್, ಹಿಂದೆ ಬರೋಕೆ 30 ಸೆಕೆಂಡ್. ಒಂದು ತುಂಡಿಗೆ ಒಂದೂಕಾಲು ನಿಮಿಷ ಕೈಕಟ್ಟಿ ನಿಂತಿರಬೇಕು. ಅಷ್ಟರಲ್ಲಿ ಕೊಡಲಿಯಲ್ಲಿ ನಾಲ್ಕು ಆಗಿರುತ್ತೆ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಖಾಲಿ ಸಿಲಿಂಡರ್ ತುಂಬೋಕೇ ಮೊದಲಿಗೆ 6.3 ಲೀಟರ್ ನಿಮ್ಮ ಗೇರ್‌ಬಾಕ್ಸಿನಿಂದ ಹೋಗುತ್ತೆ. ಅದನ್ನ ಟಾಪ್ ಅಪ್ ಮಾಡಿದ್ರೂ, ರಾಡ್ ಹೊರಗೆ ಹೋದಾಗಲೆಲ್ಲ ಇನ್ನೂ 2.9 ಲೀಟರ್ ಸಂಪಿನಿಂದ (ಗೇರ್‌ಬಾಕ್ಸಿನ ಆಯಿಲ್ ತೊಟ್ಟಿಯಿಂದ) ಇಳಿಯುತ್ತೆ. 20 ಲೀಟರ್ ಸಂಪಿಗೆ ಅದು ಸಣ್ಣ ಲೆಕ್ಕ ಅಲ್ಲ. ನಮ್ಮ ಕಡೆ ಅಂಗಳ ಸಮತಟ್ಟಾಗಿ ಇರೋದೇ ಅಪರೂಪ. ಮೂತಿ ಮೇಲಾಗಿ ಟ್ರ್ಯಾಕ್ಟರ್ ನಿಂತಿದ್ದು, ಸಕ್ಷನ್ ಸ್ಟ್ರೈನರ್ ಮುಂದಿನ ಭಾಗದಲ್ಲಿದ್ರೆ ಪಂಪ್ ಗಾಳಿ ಎಳೆಯೋಕೆ ಶುರು. ಜಲ್ಲಿ ಅರೆದ ಹಾಗೆ ಸದ್ದು ಬರುತ್ತೆ, ಹಾಗೇ ಬಿಟ್ರೆ ಪಂಪ್ ಹಾಳಾಗುತ್ತೆ.

ಈಗ ಬೇರೆ ಎರಡು ಸಿಲಿಂಡರ್ ಲೆಕ್ಕ ನೋಡಿ, 500 ಸ್ಟ್ರೋಕ್‌ಗೆ, 12.5 ಲೀಟರ್ ಪಂಪಿಗೆ:

80 ಬೋರ್, 40 ರಾಡ್: ಮುಂದಕ್ಕೆ 12 ಸೆಕೆಂಡ್, ಹಿಂದಕ್ಕೆ 9. ಬಲ 150 ಬಾರ್‌ನಲ್ಲಿ 7.7 ಟನ್.

100 ಬೋರ್, 50 ರಾಡ್: ಮುಂದಕ್ಕೆ 19, ಹಿಂದಕ್ಕೆ 14. ಬಲ 12 ಟನ್.

ಒಂದೂವರೆ ಅಡಿ ತುಂಡಿಗೆ 500 ಸ್ಟ್ರೋಕ್ ಸರಿಯಾಗುತ್ತೆ. 750 ಇದ್ರೆ ಮುಕ್ಕಾಲು ಅಡಿ ಸುಮ್ಮನೆ ಗಾಳಿಯಲ್ಲಿ ಓಡಾಡುತ್ತೆ, ಆ ಓಡಾಟಕ್ಕೂ ಆಯಿಲ್ ಬೇಕು.

ಹಸಿ ಅಕೇಶಿಯಾ, ಸಿಲ್ವರ್ ನೇರವಾಗಿದ್ರೆ ಏಳು ಟನ್‌ಗೆ ಸಲೀಸಾಗಿ ಬಾಯಿಬಿಡುತ್ತವೆ. ಒಣಗಿದ ಮತ್ತಿ, ಕವಲು ಇರುವ ಕಡೆ, ಹಲಸಿನ ಗಂಟು, ಇಲ್ಲೆಲ್ಲ 80 ನಿಂತುಬಿಡಬಹುದು. ಅಂಥದ್ದನ್ನ ತಿರುಗಿಸಿ ಅಂಚಿನಿಂದ ಸೀಳಿಕೊಂಡು ಬಂದ್ರೆ ಆಗುತ್ತೆ. ನಡುವಿಗೇ ಬೆಣೆ ಇಡಬೇಕು ಅಂತ ಯಾರೂ ಹೇಳಿಲ್ಲವಲ್ಲ.

ಇನ್ನೊಂದು ಮಾತು. ಜಾಸ್ತಿ ರೇಸ್ ಕೊಟ್ರೆ ಜಾಸ್ತಿ ಬಲ ಬರುತ್ತೆ ಅಂತ ಬಹಳ ಜನ ತಿಳ್ಕೊಂಡಿದಾರೆ. ರೇಸ್ ಕೊಟ್ರೆ ವೇಗ ಹೆಚ್ಚುತ್ತೆ ಅಷ್ಟೆ. ಬಲ ಬರೋದು ಒತ್ತಡದಿಂದ, ಒತ್ತಡಕ್ಕೆ ಮಿತಿ ರಿಲೀಫ್ ವಾಲ್ವ್. ಸಿಲಿಂಡರ್ ನಿಂತು ರಿಲೀಫ್ ಕಿರುಚುವಾಗ ಇನ್ನೂ ರೇಸ್ ಕೊಟ್ರೆ ಆಯಿಲ್ ಕಾಯೋದು ಬಿಟ್ರೆ ಬೇರೇನೂ ಆಗಲ್ಲ.

ಏನೂ ಕೊಳ್ಳೋ ಮೊದಲು ಎರಡು ಅಳತೆ ತಗೊಳ್ಳಿ. ಒಂದು, ಔಟ್‌ಲೆಟ್‌ಗೆ ಹೋಸ್ ಹಾಕಿ, ತುದಿಯನ್ನ ಸ್ವಚ್ಛ ಕ್ಯಾನಿಗೆ ಭದ್ರವಾಗಿ ಕಟ್ಟಿ, 1800ರಲ್ಲಿ 5 ಲೀಟರ್ ತುಂಬೋಕೆ ಎಷ್ಟು ಸೆಕೆಂಡ್ ಅಂತ ನೋಡಿ. 5 ಲೀಟರ್ ದಾಟಿಸಬೇಡಿ, ಸಂಪ್ ಇಳಿಯುತ್ತೆ. ಎರಡು, 250 ಬಾರ್‌ನ ಗ್ಲಿಸರಿನ್ ಗೇಜ್ ಹಾಕಿ ರಿಲೀಫ್ ಎಷ್ಟಕ್ಕೆ ತೆಗೆಯುತ್ತೆ ನೋಡಿ, ಎರಡು ಮೂರು ಸೆಕೆಂಡ್ ಮಾತ್ರ.

ಘಟ್ಟದ ಗಾಲಿ, ಹೊಸನಗರ

ಸಾಗರದವರು ಸಿಲಿಂಡರ್ ವಿಷಯ ಹೇಳಿದ್ರು, ನಾನು ಪೈಪ್ ವಿಷಯ ಹೇಳ್ತೀನಿ. ಇಂಥ ಮಿಷನ್ ಕೆಡೋದು ಹೆಚ್ಚಾಗಿ ವಾಪಸ್ ಲೈನಿನಲ್ಲಿ.

ಟಿಪ್ಪಿಂಗ್ ಔಟ್‌ಲೆಟ್ ಸಿಂಗಲ್ ಆಕ್ಟಿಂಗ್. ಟ್ರೈಲರ್ ಎತ್ತುವಾಗ ಅದೇ ಪೈಪಿನಲ್ಲಿ ಆಯಿಲ್ ಹೋಗುತ್ತೆ, ಇಳಿಸುವಾಗ ಟ್ರೈಲರ್ ಭಾರಕ್ಕೆ ಅದೇ ಪೈಪಿನಲ್ಲಿ ವಾಪಸ್ ಬರುತ್ತೆ. ಸೌದೆ ಸಿಲಿಂಡರನ್ನ ಹಿಂದಕ್ಕೆ ತಳ್ಳೋಕೆ ಮೇಲೆ ಯಾವ ಭಾರವೂ ಇಲ್ಲ. ಹಾಗಾಗಿ ಆ ಔಟ್‌ಲೆಟ್‌ನಿಂದ ಬರೀ ಪ್ರೆಶರ್ ತಗೊಳ್ಳಿ. ಮಿಷನ್ ಮೇಲೆ ಸೌದೆ ಸ್ಪ್ಲಿಟರ್‌ಗೇ ಅಂತ ಸಿಗುವ ಓಪನ್ ಸೆಂಟರ್ ವಾಲ್ವ್ (ಲಿವರ್ ನಡುವೆ ಇದ್ದಾಗ ಆಯಿಲ್ ತಡೆಯಿಲ್ಲದೆ ವಾಪಸ್ ಹೋಗುವಂಥದ್ದು) ಕೂರಿಸಿ. ಲಿವರ್ ಮುಂದಕ್ಕೆ ಒತ್ತಿದ್ರೆ ಮುಂದೆ, ಬಿಟ್ರೆ ನಿಲ್ಲಬೇಕು. ಹಿಂದಕ್ಕೆ ಎಳೆದ್ರೆ ಅಲ್ಲೇ ಕಚ್ಚಿಕೊಂಡು, ಸಿಲಿಂಡರ್ ಪೂರ್ತಿ ಒಳಗೆ ಬಂದಮೇಲೆ ತಾನೇ ಕಳಚಬೇಕು. ಮುಂದಕ್ಕೂ ಕಚ್ಚಿಕೊಳ್ಳುವ ವಾಲ್ವ್ ಯಾರಾದ್ರೂ ಕೊಡೋಕೆ ಬಂದ್ರೆ ತಗೋಬೇಡಿ. ಕೈ ಬಿಟ್ರೂ ಮುಂದೆ ಹೋಗುವ ಮಿಷನ್ ಬೆರಳು ತಿನ್ನುತ್ತೆ.

ಆ ವಾಲ್ವಿನ ಟ್ಯಾಂಕ್ ಪೋರ್ಟ್‌ನಿಂದ ಬರುವ ಆಯಿಲ್‌ಗೆ ಬೇರೆ ದಾರಿ ಬೇಕು. ಮುಕ್ಕಾಲು ಇಂಚಿನ ಹೋಸ್ ಹಾಕಿ ನೇರ ಗೇರ್‌ಬಾಕ್ಸ್ ಸಂಪಿಗೆ ಬಿಡಿ. ಡೀಲರ್ ಹತ್ರ ಕೇಳಿ, ಕೆಲವು ಮಾಡೆಲ್‌ನಲ್ಲಿ ರಿಟರ್ನಿಗೆ ಅಂತ ಪ್ಲಗ್ ಇರುತ್ತೆ. ಇಲ್ಲದಿದ್ರೆ ಆಯಿಲ್ ಹಾಕುವ ಮುಚ್ಚಳದ ಜಾಗಕ್ಕೆ ಫಿಟಿಂಗ್ ಮಾಡಿಸಿ, ಒಳಗಡೆ ಪೈಪ್ ಇಳಿಬಿಟ್ಟು ತುದಿ ಆಯಿಲ್ ಮಟ್ಟದಿಂದ ಕೆಳಗಿರೋ ಹಾಗೆ ನೋಡ್ಕೊಳ್ಳಿ. ಮೇಲಿಂದ ಸುರಿದ್ರೆ ಮಜ್ಜಿಗೆ ಕಡೆದ ಹಾಗೆ ನೊರೆ ಏಳುತ್ತೆ. ಗಾಳಿ ಆಡುವ ಬ್ರೀದರ್ ಮುಚ್ಚಿಹೋಗದಂತೆ ನೋಡಿ, ಅದು ಮುಚ್ಚಿದ್ರೆ ಆಯಿಲ್ ಸೀಲ್ ಒದ್ದು ಹೊರಗೆ ಬರುತ್ತೆ.

ಮುಕ್ಕಾಲು ಇಂಚೇ ಏಕೆ ಅಂದ್ರೆ, ಸಿಲಿಂಡರ್ ಹಿಂದಕ್ಕೆ ಬರುವಾಗ ಒಳಗೆ ಹೋಗೋದಕ್ಕಿಂತ ಹೊರಗೆ ಬರೋದು ಜಾಸ್ತಿ. ರಾಡ್ ಬದಿಗೆ 12 ಲೀಟರ್ ಕೊಟ್ರೆ ಹಿಂಬದಿಯಿಂದ 16 ಲೀಟರ್ ಬರುತ್ತೆ. ಪ್ರೆಶರ್ ಲೈನಿಗೆ ಅರ್ಧ ಇಂಚು ಸಾಕು, ಆದರೆ ಡಬಲ್ ವೈರ್ ಹೋಸೇ ಇರಲಿ. ಸಿಂಗಲ್ ವೈರ್ ಅರ್ಧ ಇಂಚಿನದು 160 ಬಾರ್‌ಗೆ, ಡಬಲ್ ವೈರ್ 275 ಬಾರ್‌ಗೆ.

ದಯವಿಟ್ಟು ಟ್ಯಾಂಕ್ ಲೈನಿಗೆ ಕ್ವಿಕ್ ಕಪ್ಲರ್ ಹಾಕಬೇಡಿ. ಕಪ್ಲರ್ ಅರ್ಧ ಕೂತಿದ್ರೆ ಒಳಗಿನ ಗುಂಡು ದಾರಿ ಮುಚ್ಚಿಬಿಡುತ್ತೆ. ಪಂಪ್ ತಳ್ಳುತ್ತಲೇ ಇರುತ್ತೆ, ಆಯಿಲ್‌ಗೆ ಹೋಗೋಕೆ ಜಾಗ ಇಲ್ಲ, 150 ಬಾರ್ ಅಷ್ಟೂ ವಾಲ್ವಿನ ಟ್ಯಾಂಕ್ ಬದಿಯ ಮೇಲೆ ಬೀಳುತ್ತೆ. ಆ ಬದಿ ಅಷ್ಟು ಒತ್ತಡಕ್ಕೆ ಮಾಡಿದ್ದಲ್ಲ. ಸ್ಪೂಲ್ ಸೀಲ್ ಹಾರಬಹುದು, ಬಾಡಿಯೇ ಸೀಳಬಹುದು. ಬಿಚ್ಚಿ ಹಾಕಬೇಕು ಅಂದ್ರೆ ಯೂನಿಯನ್ ಹಾಕಿ, ಸ್ಪ್ಯಾನರ್ ಹಿಡಿದು ಬಿಗಿ ಮಾಡಿ.

ಲಿಫ್ಟ್ ವಿಷಯವೂ ಇದೆ. ಲಿಫ್ಟ್ ತೋಳು, ಟಿಪ್ಪಿಂಗ್ ಔಟ್‌ಲೆಟ್ ಎರಡೂ ತೆರೆದಿದ್ರೆ ಆಯಿಲ್ ಸುಲಭದ ದಾರಿ ಹಿಡಿಯುತ್ತೆ. ಸೌದೆ ಸೀಳೋ ಬದಲು ಮಿಷನ್ನೇ ಮೇಲೆ ಏಳುತ್ತೆ. ತೋಳು ತುದಿ ಮುಟ್ಟಿದ ಕೂಡಲೇ ಪೊಸಿಷನ್ ಕಂಟ್ರೋಲ್ ಪಂಪನ್ನ ನ್ಯೂಟ್ರಲ್‌ಗೆ ತರುತ್ತೆ, ಔಟ್‌ಲೆಟ್‌ಗೆ ಏನೂ ಬರಲ್ಲ. ಸೀಟಿನ ಕೆಳಗಿನ ನಾಬ್ ಮುಚ್ಚಿದ್ರೆ ಸಾಕು ಅಂತಾರೆ, ಆದರೆ ಕೆಲವು ಟ್ರ್ಯಾಕ್ಟರ್‌ನಲ್ಲಿ ಅದು ಇಳಿಯೋದನ್ನ ಮಾತ್ರ ತಡೆಯುತ್ತೆ, ಏರೋದನ್ನಲ್ಲ. ತೋಳಿನ ದಾರಿ ಪೂರ್ತಿ ಬಂದ್ ಮಾಡುವ ಡೈವರ್ಟರ್ ಇದೆಯಾ ನೋಡಿ. ಇಲ್ಲದಿದ್ರೆ ನಿಮ್ಮ ಮಾಡೆಲ್‌ಗೆ ಬರುವ ಡಿಸಿವಿ ಕಿಟ್ ಹಾಕಿಸೋದೇ ನೆಟ್ಟಗಿನ ದಾರಿ.

ಕಬ್ಬಿಣದ ಕಡೆಯವ, ಭದ್ರಾವತಿ

ಬೀಮಿನ ಬಗ್ಗೆ ಯಾರೂ ಹೇಳಲಿಲ್ಲ. 125ರ ಸಿಲಿಂಡರ್‌ಗೆ ಐಎಸ್‌ಎಂಬಿ 150 ಹಾಕಿದ್ರೆ ಮೊದಲು ಬಗ್ಗೋದು ಸೌದೆ ಅಲ್ಲ, ಬೀಮು. 100ರ ಸಿಲಿಂಡರ್‌ಗೂ ಅದು ಸಾಲದು.

ಸಿಲಿಂಡರ್ ಮಧ್ಯರೇಖೆ ಬೀಮಿನ ಮೇಲ್ಮೈಯಿಂದ 130 ಎಂಎಂ ಎತ್ತರದಲ್ಲಿದೆ ಅಂತ ಇಟ್ಕೊಳ್ಳಿ. 12 ಟನ್ ಅಷ್ಟೂ ಬೀಮನ್ನ ಬಿಲ್ಲಿನ ಹಾಗೆ ಬಗ್ಗಿಸೋಕೆ ನೋಡುತ್ತೆ. ಐಎಸ್‌ಎಂಬಿ 150ರಲ್ಲಿ ಬಗ್ಗುವಿಕೆ, ಎಳೆತ ಎರಡೂ ಸೇರಿ ಚದರ ಎಂಎಂಗೆ 310 ನ್ಯೂಟನ್ ದಾಟುತ್ತೆ. ಸಾಮಾನ್ಯ ಎಂಎಸ್ (ಮೈಲ್ಡ್ ಸ್ಟೀಲ್) 250ಕ್ಕೇ ಮಣಿಯುತ್ತೆ. ಐಎಸ್‌ಎಂಬಿ 200ರಲ್ಲಿ ಅದೇ ಲೆಕ್ಕ 157ಕ್ಕೆ ಇಳಿಯುತ್ತೆ. ಮೀಟರಿಗೆ 15 ಕಿಲೋ ಬದಲು 25 ಕಿಲೋ ಆಗುತ್ತೆ, ಅಷ್ಟೆ. 500 ಸ್ಟ್ರೋಕ್ ಮಿಷನ್‌ಗೆ ಸುಮಾರು 1.6 ಮೀಟರ್ ಬೀಮು, 40 ಕಿಲೋ. ಇದರಲ್ಲಿ ಉಳಿತಾಯ ಮಾಡಬೇಡಿ. 80 ಎಂಎಂ ಹಾಕಿದ್ರೂ 200ನ್ನೇ ಹಾಕಿ. ಓರೆಯಾಗಿ ಸಿಕ್ಕಿಕೊಂಡ ಗಂಟು ಲೆಕ್ಕದಲ್ಲಿ ಬರೋದಿಲ್ಲ.

ಬೆಣೆಗೆ 25 ಎಂಎಂ ಪ್ಲೇಟ್, ಎತ್ತರ 200 ಎಂಎಂ. ಮೂತಿ ಚೂಪಾಗಿ ಶುರುವಾಗಿ ಹಿಂದೆ 60–70 ಎಂಎಂಗೆ ಅಗಲವಾಗಲಿ. ಮೂತಿ ತೆಳುವಾಗಿದ್ರೆ ಒಳಗೆ ಹೊಕ್ಕುತ್ತೆ, ಹಿಂದೆ ಅಗಲ ಇದ್ರೆ ಮರ ಬಾಯಿಬಿಡುತ್ತೆ. ಇಡೀ ಬೆಣೆ ತೆಳ್ಳಗೆ ಚಾಕುವಿನ ಹಾಗೆ ಮಾಡಿದ್ರೆ ತುಂಡಿನಲ್ಲಿ ಕಚ್ಚಿಕೊಂಡು, ತಳ್ಳುವ ಪ್ಲೇಟ್ ವಾಪಸ್ ಹೋದ ಮೇಲೂ ಸೌದೆ ಬೆಣೆಯಲ್ಲೇ ಸಿಕ್ಕಿಕೊಂಡಿರುತ್ತೆ. ಹಳೇ ಲಾರಿ ಲೀಫ್ ಪ್ಲೇಟ್ ಮೂತಿಗೆ ಬೆಸೆಯುವವರು ಇದ್ದಾರೆ, ತಪ್ಪಲ್ಲ. ಆದರೆ ಅದು ಕಾರ್ಬನ್ ಜಾಸ್ತಿ ಇರುವ ಸ್ಪ್ರಿಂಗ್ ಸ್ಟೀಲ್. ಮೊದಲು ಗ್ಯಾಸಿನಲ್ಲಿ 200 ಡಿಗ್ರಿ ದಾಟಿಸಿ ಬಿಸಿ ಮಾಡಿ, ಒಣಗಿಸಿದ 7018 ವೆಲ್ಡಿಂಗ್ ರಾಡಿನಲ್ಲಿ ಬೆಸೆದು, ಬೂದಿಯಲ್ಲಿ ಮುಚ್ಚಿ ನಿಧಾನ ತಣಿಸಬೇಕು. ತಣ್ಣಗಿರುವಾಗಲೇ ಬೆಸೆದು ನೀರು ಎರಚಿದ್ರೆ ಬೆಸುಗೆ ಪಕ್ಕದಲ್ಲಿ ಕೂದಲೆಳೆ ಬಿರುಕು ಬಿಟ್ಟು, ಒಂದಿನ ತುಂಡು ಹಾರುತ್ತೆ.

ಸಿಲಿಂಡರನ್ನ ಬೀಮಿಗೆ ನೇರ ಬೆಸೆಯಬೇಡಿ. ಹಿಂದೆ ಪಿನ್ ಇರಲಿ, ರಾಡ್ ತುದಿಯಲ್ಲೂ ಪಿನ್ ಇರಲಿ. ತಳ್ಳುವ ಪ್ಲೇಟ್ ಬೀಮಿನ ಫ್ಲಾಂಜನ್ನ ಎರಡೂ ಕಡೆ ಹಿಡಿದು ಜಾರಬೇಕು, ಅಲ್ಲಿ ಗ್ರೀಸ್ ಇರಬೇಕು. ಓರೆ ಒತ್ತಡ ಪ್ಲೇಟ್ ತಡೀಬೇಕೇ ಹೊರತು ರಾಡ್ ಅಲ್ಲ. ರಾಡಿನ ಒಂದೇ ಪಕ್ಕ ಗೀರು ಬಿದ್ದು ಗ್ಲ್ಯಾಂಡ್ ಸೀಲ್ ಸೋರ್ತಿದ್ರೆ ಕಾರಣ ಇದೇ. ಪೂರ್ತಿ ಮುಂದೆ ಹೋದಾಗ ಪ್ಲೇಟಿಗೂ ಬೆಣೆಗೂ ನಡುವೆ 15 ಎಂಎಂ ಉಳಿಯಲಿ.

ತೋಟದಂಚು, ತೀರ್ಥಹಳ್ಳಿ

ಎಲ್ಲರಿಗೂ ಧನ್ಯವಾದ. ಅಳತೆ ತಗೊಂಡಾಯ್ತು. 1800ರಲ್ಲಿ 5 ಲೀಟರ್‌ಗೆ 24 ಸೆಕೆಂಡ್, ಅಂದ್ರೆ ಹನ್ನೆರಡೂವರೆ ಲೀಟರೇ. ರಿಲೀಫ್ 145 ಬಾರ್. ಡೈವರ್ಟರ್ ಇಲ್ಲ, ಡೀಲರ್ ಹತ್ರ ಡಿಸಿವಿ ಕಿಟ್ ಇದೆ, ಅದಕ್ಕೆ ರಿಟರ್ನ್ ಪೋರ್ಟ್ ಬೇರೆ ಬರುತ್ತಂತೆ.

80ಕ್ಕೂ 100ಕ್ಕೂ ನಡುವೆ ಇನ್ನೂ ಗೊಂದಲ. ಪಿಟಿಒ ಪಂಪ್ ಹಾಕಿದ್ರೆ 100 ಹಾಕಬಹುದಾ? ಪಿಟಿಒಗೆ ಸಿಕ್ಕಿಸುವ, ತಿರುಗುತ್ತಾ ಮರದೊಳಗೆ ಕೊರೆದು ಸೀಳುವ ಸ್ಕ್ರೂ ಕೋನ್ ಸಿಗುತ್ತಲ್ಲ, ಅದು ಸುಲಭ ಅಂತಾನೂ ಒಬ್ಬರು ಹೇಳಿದ್ರು.

ಘಟ್ಟದ ಗಾಲಿ, ಹೊಸನಗರ

ಸ್ಕ್ರೂ ಕೋನ್ ಬೇಡ ಮಾರಾಯ್ರೇ. ಅದಕ್ಕೆ ನಿಲ್ಲಿಸೋಕೆ ಲಿವರ್ ಇಲ್ಲ. ಪಂಚೆ, ಕೈಗವಸು, ತುಂಡಿಗೆ ಸುತ್ತಿದ ಬಳ್ಳಿ, ಯಾವುದು ಸಿಕ್ಕಿದ್ರೂ ಸುತ್ತಿಕೊಳ್ಳುತ್ತೆ. ಗಂಟು ಕಚ್ಚಿಕೊಂಡ್ರೆ ಇಡೀ ತುಂಡೇ ತಿರುಗಿ ಕಾಲಿಗೆ ಬಡಿಯುತ್ತೆ. ಪಿಟಿಒ ಲಿವರ್ ಇರೋದು ಸೀಟಿನ ಹತ್ರ, ನೀವಿರೋದು ಹಿಂದೆ.

ಸ್ಪ್ಯಾನರ್‌ಪೆಟ್ಟಿಗೆ, ಸಾಗರ

ಪಿಟಿಒ ಪಂಪ್ ಒಳ್ಳೇದೇ, ಆದರೆ ಅದು ಬೇರೆಯೇ ಸಂಸಾರ. 540 ಆರ್‌ಪಿಎಂಗೆ ಗೇರ್ ಪಂಪ್ ನೇರ ಹಾಕೋಕಾಗಲ್ಲ, 1:3 ಸ್ಟೆಪ್ ಅಪ್ ಗೇರ್‌ಬಾಕ್ಸ್ ಬೇಕು. ಸುತ್ತಿಗೆ 20 ಸಿಸಿ ಆಯಿಲ್ ಕೊಡುವ ಪಂಪ್ ಹಾಕಿದ್ರೆ ನಷ್ಟ ಕಳೆದು ನಿಮಿಷಕ್ಕೆ 30 ಲೀಟರ್. 100ರ ಸಿಲಿಂಡರ್ ಎಂಟು ಸೆಕೆಂಡಿಗೆ ಮುಂದೆ, ಆರಕ್ಕೆ ಹಿಂದೆ. ಶಕ್ತಿ 12 ಎಚ್‌ಪಿ ಹತ್ತಿರ ಬೇಕು, ನಿಮ್ಮ ಟ್ರ್ಯಾಕ್ಟರ್ ಕೊಡುತ್ತೆ. ಆದರೆ 40–50 ಲೀಟರ್ ಟ್ಯಾಂಕ್, ನಡುವೆ ಬ್ಯಾಫಲ್ ಪ್ಲೇಟ್, ರಿಟರ್ನ್ ಫಿಲ್ಟರ್, ಒಂದೂಕಾಲು ಇಂಚಿನ ಗಿಡ್ಡ ಸಕ್ಷನ್ ಹೋಸ್, ಗೇರ್‌ಬಾಕ್ಸ್ ತಿರುಗದಂತೆ ತಡೆಯುವ ಸರಪಳಿ, ಎಲ್ಲಾ ಬೇಕು. ಟ್ಯಾಂಕ್ ಪಂಪಿಗಿಂತ ಮೇಲೇ ಇರಬೇಕು. ಒಂದು ದೊಡ್ಡ ಲಾಭ ಇದೆ: ಮಿಷನ್ನಿನ ಕಸ ಟ್ರ್ಯಾಕ್ಟರ್ ಗೇರ್‌ಬಾಕ್ಸಿಗೆ ಹೋಗಲ್ಲ. ಊರಿಗೆಲ್ಲ ಬಾಡಿಗೆಗೆ ಬಿಡ್ತೀರಿ ಅಂದ್ರೆ ಅದೇ ಮಾಡಿ. ಒಂದು ಮನೆಯ ಸೌದೆಗೆ, ನನ್ನ ಅಭಿಪ್ರಾಯದಲ್ಲಿ, ಡಿಸಿವಿ ಕಿಟ್, 80 ಬೋರ್, 500 ಸ್ಟ್ರೋಕ್.

145 ಬಾರ್‌ಗೆ 80ರಲ್ಲಿ 7.4 ಟನ್. ರೇಸ್ 2200ಕ್ಕೆ ಇಟ್ರೆ ಹೋಗಿ ಬರೋಕೆ 17 ಸೆಕೆಂಡ್. ಇದರಲ್ಲೂ ಉಳಿಸಬಹುದು. ಪ್ರತಿ ಸಲ ಪೂರ್ತಿ ಹಿಂದೆ ಬರೋವರೆಗೆ ಕಾಯಬೇಡಿ, ತುಂಡು ಕೂರುವಷ್ಟು ಜಾಗ ಆದಕೂಡಲೇ ಲಿವರ್ ನ್ಯೂಟ್ರಲ್‌ಗೆ ತನ್ನಿ.

100ರ ಆಸೆ ಬಿಡೋಕಾಗದಿದ್ರೆ ರೀಜನರೇಟಿವ್ ವಾಲ್ವ್ ಇದೆ. ಮುಂದೆ ಹೋಗುವಾಗ ರಾಡ್ ಬದಿಯ ಆಯಿಲನ್ನ ಟ್ಯಾಂಕಿಗೆ ಬಿಡದೆ ಹಿಂಬದಿಗೇ ತಿರುಗಿಸುತ್ತೆ. 50 ರಾಡ್ ಇದ್ರೆ ವೇಗ ನಾಲ್ಕು ಪಟ್ಟು, ಬಲ ಕಾಲುಭಾಗ, ಮೂರು ಟನ್ ಹತ್ತಿರ. ಮರಕ್ಕೆ ತಾಗಿ ಒತ್ತಡ ಏರಿದ ಕೂಡಲೇ ಮಾಮೂಲಿಗೆ ಬದಲಾಗಿ ಪೂರ್ತಿ ಬಲ ಬರುತ್ತೆ. ಒಳ್ಳೆ ಉಪಾಯ, ಆದರೆ ಕೆಟ್ರೆ ಇಲ್ಲಿ ರಿಪೇರಿ ಮಾಡೋರನ್ನ ಹುಡುಕಬೇಕು.

ಕಬ್ಬಿಣದ ಕಡೆಯವ, ಭದ್ರಾವತಿ

ನಾನಾದ್ರೆ 100 ಹಾಕ್ತೀನಿ. ಮತ್ತಿ ಒಣಗಿದ ಮೇಲೆ ಏಳು ಟನ್‌ಗೆ ಕ್ಯಾರೇ ಅನ್ನಲ್ಲ. ಆದರೆ ಮುಕ್ಕಾಲು ಪಾಲು ಅಕೇಶಿಯಾ ಅಂತ ಬರೆದಿದೀರಿ, ಹಸಿಯಲ್ಲೇ ಒಡೀತೀರಿ ಅಂದ್ರೆ 80ಕ್ಕೆ ನನ್ನ ತಕರಾರಿಲ್ಲ. ಹಸಿಯಲ್ಲೇ ಸೀಳಿ ಪೇರಿಸಿದ್ರೆ ಒಣಗೋದೂ ಬೇಗ. ಮಳೆಗಾಲಕ್ಕೆ ಮೊದಲು ಸೌದೆ ಕೊಟ್ಟಿಗೆ ಸೇರಬೇಕಲ್ಲ.

ಫಿಟಿಂಗ್ ಕೊಳ್ಳುವಾಗ ಒಂದು ಎಚ್ಚರ. ಹೊರಗಿಂದ ಬರುವ ಸ್ಪ್ಲಿಟರ್ ವಾಲ್ವ್‌ಗಳಲ್ಲಿ ಎನ್‌ಪಿಟಿ ತ್ರೆಡ್ ಇರುತ್ತೆ, ನಮ್ಮಲ್ಲಿ ಹೋಸ್ ಪ್ರೆಸ್ ಮಾಡುವವರು ಕೊಡೋದು ಬಿಎಸ್‌ಪಿ. ಅರ್ಧ ಇಂಚು, ಮುಕ್ಕಾಲು ಇಂಚು ಎರಡರಲ್ಲೂ ಇಂಚಿಗೆ 14 ತ್ರೆಡ್ಡೇ, ಹಾಗಾಗಿ ಮೂರು ನಾಲ್ಕು ಸುತ್ತು ಸಲೀಸಾಗಿ ಹೋಗಿ ಬಿಗಿ ಆದ ಹಾಗೆ ಅನಿಸುತ್ತೆ. ಕೋನ ಬೇರೆ: ಒಂದು 60 ಡಿಗ್ರಿ, ಇನ್ನೊಂದು 55. ಒತ್ತಡ ಬಂದಾಗ ಸೋರುತ್ತೆ, ಇನ್ನೂ ಬಿಗಿ ಮಾಡಿದ್ರೆ ಬೀಡಿನ ಬಾಡಿ ಬಿರುಕು. ಅಡಾಪ್ಟರ್ ಹಾಕಿ. ಬಿಎಸ್‌ಪಿ ಕಡೆ ಡೌಟಿ ವಾಷರ್ (ರಬ್ಬರ್ ಅಂಚಿರುವ ಲೋಹದ ವಾಷರ್) ಸಾಕು, ಟೆಫ್ಲಾನ್ ಟೇಪ್ ಸುತ್ತಬೇಡಿ. ಅದರ ಚೂರು ಹೋಗಿ ರಿಲೀಫ್ ಸೀಟಿನಲ್ಲಿ ಕೂತ್ರೆ ಒತ್ತಡವೇ ಏರಲ್ಲ, ಎಲ್ಲಿ ತಪ್ಪಾಯ್ತು ಅಂತ ವಾರ ಹುಡುಕಬೇಕಾಗುತ್ತೆ.

ತೋಟದಂಚು, ತೀರ್ಥಹಳ್ಳಿ

80/40, 500 ಸ್ಟ್ರೋಕ್, ಐಎಸ್‌ಎಂಬಿ 200, ಡಿಸಿವಿ ಕಿಟ್. ಎಲ್ಲಾ ಆಗಿ ಓಡ್ತಿದೆ, ಅಕೇಶಿಯಾ ನೀವು ಹೇಳಿದ ಹಾಗೇ ಸೀಳ್ತಿದೆ. ಮೂರು ತೊಂದರೆ ಉಳಿದಿದೆ.

ಬೆಳಗ್ಗೆ ಮೊದಲ ಹತ್ತು ನಿಮಿಷ, ಹಿಂದಕ್ಕೆ ಬರುವಾಗ ಲಿವರ್ ಅರ್ಧದಲ್ಲೇ ಕಳಚಿಕೊಳ್ಳುತ್ತೆ. ಆಮೇಲೆ ಸರಿ.

ಒಂದು ಗಂಟೆ ಓಡಿದ ಮೇಲೆ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಬೆಳ್ಳಗೆ ಕಾಣುತ್ತೆ.

ಬಿಸಿಲಲ್ಲಿ ನಿಂತಿದ್ದ ಮಿಷನ್‌ನ ಪ್ರೆಶರ್ ಕಪ್ಲರ್ ಎಷ್ಟು ಒತ್ತಿದ್ರೂ ಕೂರಲ್ಲ.

ಇನ್ನೊಂದು ಅನುಮಾನ. ಗೇರ್‌ಬಾಕ್ಸಿಗೆ ಹೈಡ್ರಾಲಿಕ್ 68 ಹಾಕಿ ಟಾಪ್ ಅಪ್ ಮಾಡಬಹುದಾ?

ಸ್ಪ್ಯಾನರ್‌ಪೆಟ್ಟಿಗೆ, ಸಾಗರ

ಕೊನೇದಕ್ಕೆ ಮೊದಲು ಉತ್ತರ: ಬೇಡ. ಆಯಿಲ್‌ನಲ್ಲಿ ಮುಳುಗಿದ ಬ್ರೇಕ್ ಇದ್ರೆ ಅದಕ್ಕೆ ಬೇಕಾದ ಗುಣ ಬರೀ ಹೈಡ್ರಾಲಿಕ್ ಆಯಿಲ್‌ನಲ್ಲಿ ಇರಲ್ಲ, ಗೇರಿಗೆ ಬೇಕಾದ್ದೂ ಇರಲ್ಲ. ಟ್ರ್ಯಾಕ್ಟರ್ ಪುಸ್ತಕದಲ್ಲಿ ಬರೆದ ಆಯಿಲನ್ನೇ ಹಾಕಿ. ಅಳೆಯೋದು ರಾಡ್ ಪೂರ್ತಿ ಒಳಗಿರುವಾಗ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು, ಸಮತಟ್ಟು ಜಾಗದಲ್ಲಿ. ನಿಮ್ಮ ಸಿಲಿಂಡರ್‌ನಲ್ಲಿ ಹೊರಗೂ ಒಳಗೂ 0.63 ಲೀಟರ್ ವ್ಯತ್ಯಾಸ ಮಾತ್ರ. ರಾಡ್ ಹೊರಗಿರುವಾಗ ಗೆರೆವರೆಗೆ ತುಂಬಿಸಿಟ್ರೆ ಒಳಗೆ ಬಂದಾಗ ಅಷ್ಟು ಹೆಚ್ಚಾಗುತ್ತೆ.

ಬೆಳಗ್ಗೆ ಲಿವರ್ ಕಳಚೋದು ಆಯಿಲ್ ತಣ್ಣಗೆ ಮಂದ ಇರೋದಕ್ಕೆ. ವಾಲ್ವಿಗೆ ರಾಡ್ ತುದಿ ಮುಟ್ಟಿದ್ದು ಕಾಣಲ್ಲ, ಒತ್ತಡ ಏರಿದ್ದು ಮಾತ್ರ ಗೊತ್ತಾಗುತ್ತೆ. ಮಂದ ಆಯಿಲ್ ರಿಟರ್ನ್ ಪೈಪಿನಲ್ಲಿ ತಿಣುಕಿದ್ರೂ ಒತ್ತಡ ಏರುತ್ತೆ, ತುದಿ ಮುಟ್ಟಿತು ಅಂತ ಬಿಟ್ಟುಬಿಡುತ್ತೆ. ನ್ಯೂಟ್ರಲ್‌ನಲ್ಲಿ ಹತ್ತು ನಿಮಿಷ ಸುಮ್ಮನೆ ಓಡಿಸಿ ಶುರುಮಾಡಿ. ಬಿಸಿಯಾದ ಮೇಲೂ ಹಾಗೇ ಆದ್ರೆ ಮಾತ್ರ ಡಿಟೆಂಟ್ (ಲಿವರನ್ನ ಕಚ್ಚಿ ಹಿಡಿಯುವ ಭಾಗ) ಸ್ಕ್ರೂ ಕಾಲು ಸುತ್ತು ಬಿಗಿ ಮಾಡಿ, ನೋಡಿ, ಬೇಕಾದ್ರೆ ಇನ್ನೊಂದು ಕಾಲು. ಜಾಸ್ತಿ ಬಿಗಿ ಮಾಡಿದ್ರೆ ತುದಿ ಮುಟ್ಟಿದ ಮೇಲೂ ಕಳಚಲ್ಲ, ರಿಲೀಫ್ ಕಿರುಚುತ್ತಲೇ ಇರುತ್ತೆ, ಆಯಿಲ್ ಕಾಯುತ್ತೆ. ಹೋಸ್ ಫಿಟಿಂಗ್ ಮೇಲೆ ಕೈ ಇಟ್ಟು ಐದು ಸೆಕೆಂಡ್ ತಡೆಯೋಕಾಗದಿದ್ರೆ 60 ಡಿಗ್ರಿ ದಾಟಿದೆ ಅಂತ ಲೆಕ್ಕ. 80 ದಾಟಲು ಬಿಡಬೇಡಿ. ಮುಟ್ಟಿ ನೋಡೋದು ಎಂಜಿನ್ ನಿಲ್ಲಿಸಿ.

ಮಿಷನ್ ಮೇಲಿನ ವಾಲ್ವಿನ ರಿಲೀಫ್ 135–140 ಬಾರ್‌ಗೆ ಇಟ್ಟಿದೀರಿ ತಾನೇ? ಅದು ಟ್ರ್ಯಾಕ್ಟರ್‌ನ ರಿಲೀಫ್‌ಗಿಂತ ಸ್ವಲ್ಪ ಕಮ್ಮಿಯೇ ಇರಬೇಕು.

ಘಟ್ಟದ ಗಾಲಿ, ಹೊಸನಗರ

ಬೆಳ್ಳಗಿನ ಆಯಿಲ್ ಗಾಳಿಯೋ ನೀರೋ ಅಂತ ತಿಳಿಯೋಕೆ ಗಾಜಿನ ಲೋಟದಲ್ಲಿ ಸ್ವಲ್ಪ ತೆಗೆದು ರಾತ್ರಿ ಇಡಿ. ಬೆಳಗ್ಗೆಗೆ ತಿಳಿಯಾದ್ರೆ ಗಾಳಿ. ಹಾಲಿನ ಹಾಗೇ ಉಳಿದ್ರೆ ಅಥವಾ ತಳದಲ್ಲಿ ನೀರು ಕೂತ್ರೆ ಬ್ರೀದರ್ ಅಥವಾ ಡಿಪ್‌ಸ್ಟಿಕ್ ಬಾಯಿಂದ ಮಳೆನೀರು ಹೋಗಿದೆ, ಆಯಿಲ್ ಪೂರ್ತಿ ಬದಲಿಸಬೇಕು. ನಿಮ್ಮದು ಓಡಿದ ಮೇಲೆ ಮಾತ್ರ ಬೆಳ್ಳಗಾಗೋದ್ರಿಂದ ಗಾಳಿಯೇ ಇರಬೇಕು. ಕಿಟ್‌ನ ರಿಟರ್ನ್ ಪೋರ್ಟ್ ಆಯಿಲ್ ಮಟ್ಟದಿಂದ ಮೇಲೆ ತೆರೆಯುತ್ತಾ ನೋಡಿ, ಹಾಗಿದ್ರೆ ಒಳಗೆ ಪೈಪ್ ಇಳಿಬಿಡಿಸಿ. ಪೈಪಿನ ತುದಿ ಓರೆ ಕತ್ತರಿಸಿ ಸಕ್ಷನ್ ಕಡೆಗೆ ಬೆನ್ನು ಮಾಡಿರಲಿ.

ಬಿಸಿಲಿಗೆ ಕಪ್ಲರ್ ಕೂರದಿರೋದು ಒಳಗೆ ಸಿಕ್ಕಿಕೊಂಡ ಆಯಿಲ್ ಕಾದು ಹಿಗ್ಗಿದ್ದಕ್ಕೆ. ಸುತ್ತಿಗೆಯಲ್ಲಿ ಗುಂಡು ಬಡಿಯೋರು ಇದ್ದಾರೆ, ಮಾಡಬೇಡಿ, ಆಯಿಲ್ ಸೂಜಿಯ ಹಾಗೆ ಚಿಮ್ಮುತ್ತೆ. ಮಿಷನ್ ಮೇಲಿನ ಲಿವರನ್ನ ಎರಡೂ ಕಡೆ ಆಡಿಸಿ, ಟ್ಯಾಂಕ್ ಲೈನ್ ತೆರೆದೇ ಇರೋದ್ರಿಂದ ಒತ್ತಡ ಇಳಿದುಹೋಗುತ್ತೆ. ಮುಂದಿನ ಸಲ ಬಿಚ್ಚುವ ಮೊದಲೇ ಎಂಜಿನ್ ಆಫ್ ಮಾಡಿ ಲಿವರ್ ಆಡಿಸಿ, ಆಮೇಲೆ ಬಿಚ್ಚಿ, ಎರಡೂ ಕಡೆ ರಬ್ಬರ್ ಮುಚ್ಚಳ ಹಾಕಿ.

ಹೋಸ್‌ನಲ್ಲಿ ಎಲ್ಲಾದ್ರೂ ಮಂಜು ಹಾರಿದ ಹಾಗೆ ಕಂಡ್ರೆ ಬೆರಳಿಟ್ಟು ಹುಡುಕಬೇಡಿ. ರಟ್ಟಿನ ತುಂಡು ಹಿಡಿಯಿರಿ. 140 ಬಾರ್‌ನಲ್ಲಿ ಸೂಜಿಮೊನೆ ತೂತಿನಿಂದ ಬರುವ ಆಯಿಲ್ ಚರ್ಮದ ಒಳಗೇ ಹೊಕ್ಕುತ್ತೆ. ಸೊಳ್ಳೆ ಕಚ್ಚಿದಷ್ಟು ಗುರುತು ಕಂಡರೂ ಅರಿಶಿನ ಹಚ್ಚಿ ಕೂರಬಾರದು, ಆ ಗಂಟೆಯಲ್ಲೇ ಸರ್ಜನ್ ಇರುವ ಆಸ್ಪತ್ರೆಗೆ ಹೋಗಿ, ಹೈಡ್ರಾಲಿಕ್ ಆಯಿಲ್ ಒಳಗೆ ಹೋಗಿದೆ ಅಂತಲೇ ಹೇಳಬೇಕು.

ಲಿವರ್ ಹಿಡಿಯೋನೂ ತುಂಡು ಇಡೋನೂ ಒಬ್ಬನೇ ಇರಲಿ. ಇಬ್ಬರಿದ್ದಾಗಲೇ ಬೆರಳು ಹೋಗೋದು. ಎರಡನೆಯವರು ಸೀಳು ಎತ್ತಿ ಪೇರಿಸಲಿ.

ತೋಟದಂಚು, ತೀರ್ಥಹಳ್ಳಿ

ರಿಟರ್ನ್ ಪೋರ್ಟ್ ಆಯಿಲ್‌ಗಿಂತ ನಾಲ್ಕು ಬೆರಳು ಮೇಲೇ ಇತ್ತು. ಒಳಗೆ ಪೈಪ್ ಇಳಿಸಿದ ಮೇಲೆ ನೊರೆ ನಿಂತಿದೆ. ರಿಲೀಫ್ 140ಕ್ಕೆ ಇಟ್ಟಿದೀನಿ. 14 ಇಂಚಿನ ಮತ್ತಿ ಒಂದು ನಡುವಿಗೆ ನಿಂತಿತ್ತು, ಅಂಚಿನಿಂದ ಹಿಡಿದಾಗ ಸೀಳ್ತು.

ಕಬ್ಬಿಣದ ಕಡೆಯವ, ಭದ್ರಾವತಿ

ಮಳೆಗಾಲಕ್ಕೆ ನಿಲ್ಲಿಸುವಾಗ ರಾಡ್ ಪೂರ್ತಿ ಒಳಗೆ ಎಳೆದು ನಿಲ್ಲಿಸಿ. ಹೊರಗೆ ಬಿಟ್ರೆ ಕ್ರೋಮ್ ಮೇಲೆ ಚುಕ್ಕಿ ಚುಕ್ಕಿ ತುಕ್ಕು ಹಿಡಿಯುತ್ತೆ, ಆ ಚುಕ್ಕಿಗಳೇ ಮುಂದಿನ ಸೀಸನ್‌ನಲ್ಲಿ ಅರದ ಹಾಗೆ ಸೀಲ್ ತಿನ್ನುತ್ತವೆ. ಹೊರಗೆ ಉಳಿಯುವ ಎರಡು ಬೆರಳಿನಷ್ಟು ರಾಡಿಗೆ ದಪ್ಪ ಗ್ರೀಸ್ ಬಳಿದು ಪ್ಲಾಸ್ಟಿಕ್ ಸುತ್ತಿ.